ಲೈಕಾ ಇಲ್ಲದ ಕಪಾಟು

ಹಳೇ ಕ್ಯಾಮೆರಾ ಕೂಡಿಹಾಕುವವರ ಲೋಕದಲ್ಲೂ ಮೇಲು-ಕೀಳು ಇದೆ. ಗರ್ಭಗುಡಿಯಲ್ಲಿ ಲೈಕಾ. ನವರಂಗದಲ್ಲಿ ರೋಲಿಫ್ಲೆಕ್ಸ್, ಹ್ಯಾಸಲ್‌ಬ್ಲಾಡ್, ಕಾಂಟ್ಯಾಕ್ಸ್. ಅಂಗಳದಲ್ಲಿ ನಿಕಾನ್, ಕ್ಯಾನನ್, ಪೆಂಟಾಕ್ಸ್‌ಗಳ ಲೋಹದ ಮಾದರಿಗಳು. ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬಿಗಳು. 2022ರ ಜೂನ್‌ನಲ್ಲಿ ಜರ್ಮನಿಯ ವೆಟ್ಜ್ಲಾರ್‌ನಲ್ಲಿ ಒಂದು ಹರಾಜು ನಡೆಯಿತು. ಲೈಕಾದ ಜನಕ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದ, 105ನೇ ನಂಬರಿನ ಪ್ರಾಯೋಗಿಕ ಕ್ಯಾಮೆರಾ 1.44 ಕೋಟಿ ಯೂರೋಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿ ದಾಟಿದ ಮಾತು.

ನನ್ನ ಕಪಾಟಿನಲ್ಲಿ 27 ಕ್ಯಾಮೆರಾಗಳಿವೆ. ಲೈಕಾ ಒಂದೂ ಇಲ್ಲ. ಎಲ್ಲ ಸೇರಿಸಿ ಮಾರಿದರೆ ಒಂದು ನಡುಮಟ್ಟದ ಫೋನ್ ಬಂದೀತು, ಅದೂ ಆಫರ್ ಇದ್ದಾಗ. ಚಪ್ಪಲಿ ಬಿಡುವ ಜಾಗದ ಕ್ಯಾಮೆರಾಗಳೇ ಹೆಚ್ಚು. ಹೀಗೇಕೆ ಅಂತ ಗೆಳೆಯರು ಕೇಳುತ್ತಿರುತ್ತಾರೆ. ದುಡ್ಡಿಲ್ಲ ಅನ್ನೋದು ಅರ್ಧ ಉತ್ತರ. ಇನ್ನರ್ಧ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಹುಡುಗರ ಫೋಟೋಗ್ರಫಿ ಚರಿತ್ರೆ ನಿಮಗೂ ಗೊತ್ತಿರುತ್ತೆ. ಇಎಂಐ ಮೇಲೆ ಡಿಎಸ್‌ಎಲ್‌ಆರ್, ನಂದಿಬೆಟ್ಟದ ಸೂರ್ಯೋದಯ, ಲಾಲ್‌ಬಾಗಿನ ಹೂವಿನ ಮೇಲೆ ನೀರಹನಿ. ಎರಡು ವರ್ಷಕ್ಕೆ ಹಾರ್ಡ್ ಡಿಸ್ಕ್ ತುಂಬಿತು, ನೋಡುವವರು ಯಾರೂ ಇರಲಿಲ್ಲ, ನಾನೂ ಸೇರಿ. ಆಮೇಲೊಂದು ಭಾನುವಾರ ಸಂಡೆ ಬಜಾರಿನಲ್ಲಿ, ಹಳೇ ಮಿಕ್ಸರ್ ಮತ್ತು ಚಾರ್ಜರುಗಳ ರಾಶಿಯ ನಡುವೆ ಒಂದು ಯಾಶಿಕಾ ಎಂಎಫ್-2 ಸಿಕ್ಕಿತು. ಫಿಲ್ಮ್ ಹಾಕಿದೆ. 36 ಚಿತ್ರ ಮುಗಿಸಲು ಮೂರು ತಿಂಗಳು ಬೇಕಾಯಿತು. ಗುಂಡಿ ಒತ್ತುವ ಮೊದಲು 'ಇದು ಬೇಕಾ?' ಅಂತ ಕೇಳಿಕೊಳ್ಳುವ ಅಭ್ಯಾಸ ಅಲ್ಲಿಂದ ಶುರುವಾಯಿತು. ಎರಡನೆಯದು ಬಂತು, ಏಳನೆಯದು ಬಂತು. ಸಿಲಿಕಾ ಜೆಲ್ ಪೊಟ್ಟಣಗಳು ಬಂದವು, ಲೆನ್ಸಿನ ಬೂಷ್ಟನ್ನು ಟಾರ್ಚ್ ಹಾಕಿ ಹುಡುಕೋದು ಬಂತು. ಮುಂಬೈ, ಮಂಗಳೂರು ಕಡೆಯಿಂದ ಬಂದ ಲೆನ್ಸುಗಳಲ್ಲಿ ಬೂಷ್ಟು ಹೆಚ್ಚು; ನಮ್ಮ ಸವದತ್ತಿ ಸೀಮೆಯ ಒಣಹವೆಯಲ್ಲಿ ಟ್ರಂಕಿನೊಳಗೆ ಮಲಗಿದ್ದ ಲೆನ್ಸುಗಳು ಮೂವತ್ತು ವರ್ಷವಾದರೂ ಕಣ್ಣಿನಂತೆ ಇರುತ್ತವೆ. ಇದು ನನ್ನ ಅನುಭವದ ಮಾತು, ಪ್ರಯೋಗಾಲಯದ್ದಲ್ಲ.

ಇದೆಲ್ಲ ಹವ್ಯಾಸ. ಚರಿತ್ರೆ ಶುರುವಾದದ್ದು ಬೇರೆ ಕಡೆ. ನಮ್ಮೂರು ಸಿರಸಂಗಿ. ಅಲ್ಲಿ ನಮ್ಮ ಮನೆಯ ಟ್ರಂಕಿನಲ್ಲಿ ಒಂಬತ್ತು ಚೌಕ ಫೋಟೋಗಳಿವೆ. ಒಂದೊಂದೂ ಹೆಚ್ಚುಕಮ್ಮಿ ಎರಡೂಕಾಲು ಇಂಚು, ಸುತ್ತ ಬಿಳಿ ಅಂಚು. ಹಿಂದೆ ಅಪ್ಪನ ಅಕ್ಷರದಲ್ಲಿ 'ಕಾಳಮ್ಮನ ಜಾತ್ರಿ, 1974'. ಅವನ್ನು ಮೊದಲು ನೂರು ಸಲ ನೋಡಿದ್ದೆ. ಕ್ಯಾಮೆರಾ ಹುಚ್ಚು ಹಿಡಿದ ಮೇಲೆ ನೋಡಿದಾಗ ಮಾತ್ರ ಬೇರೆಯೇ ಪ್ರಶ್ನೆ ಎದ್ದಿತು: ಇದನ್ನು ತೆಗೆದದ್ದು ಯಾವ ಕ್ಯಾಮೆರಾ?

ಇದು ಲಾಗ್ ಫೈಲ್ ನೋಡಿ ಬಗ್ ಹುಡುಕುವ ಕೆಲಸದಂತೆಯೇ. ಚೌಕ ಇದೆ, ಹಿಗ್ಗಿಸಿದ್ದಲ್ಲ, ನೆಗೆಟಿವ್ ಗಾತ್ರದಲ್ಲೇ ಪ್ರಿಂಟ್ ಹಾಕಿದ್ದು. ಅಂದರೆ 120 ಫಿಲ್ಮಿನ ಕ್ಯಾಮೆರಾ. ನಡುವೆ ನಿಂತವರ ಮುಖ ಸ್ಪಷ್ಟ, ಮೂಲೆಗಳು ಮಸುಕು. ಅಂದರೆ ಅಗ್ಗದ ಲೆನ್ಸು, ಸ್ಟುಡಿಯೋದವರ ಯಾಶಿಕಾ ಅಲ್ಲ. ಎಲ್ಲರೂ ದೂರ ನಿಂತಿದ್ದಾರೆ, ಒಬ್ಬರೂ ಹತ್ತು ಅಡಿಗಿಂತ ಹತ್ತಿರ ಇಲ್ಲ. ಅಂದರೆ ಫೋಕಸ್ ಮಾಡುವ ವ್ಯವಸ್ಥೆಯೇ ಇಲ್ಲ. ಎಲ್ಲರ ಕಣ್ಣೂ ಬಿಸಿಲಿಗೆ ಕಿರಿದಾಗಿವೆ. ಉತ್ತರ ಒಂದೇ: ಆಗ್ಫಾ ಕ್ಲಿಕ್-3. ಅಪ್ಪನಿಗೆ ಫೋನ್ ಮಾಡಿದೆ.

"ಹೌದೋ, ಕರೀ ಡಬ್ಬಿ. ನಮ್ಮ ಮನ್ಯಾಗ ಬಾಡಗಿ ಇದ್ದ ಸಾಲಿ ಮಾಸ್ತರದು. ಬಿಸಲಾಗ ನಿಲ್ಲಸ್ತಿದ್ರು, ಬಿಸಲ ಮುಖಕ್ಕ ಹೊಡೀಬೇಕಂತ. ಒಂದ ರೀಲಿಗೆ ಹನ್ನೆರಡ ಫೋಟೋ. ಮೂರು ಕೆಟ್ಟೂವು."

ಹನ್ನೆರಡರಲ್ಲಿ ಮೂರು ಹೋದರೆ ಒಂಬತ್ತು. ಲೆಕ್ಕ ಸರಿಹೋಯಿತು.

ಕ್ಯಾಮೆರಾ ಚರಿತ್ರೆಯ ಪುಸ್ತಕಗಳಲ್ಲಿ ಈ ಕರೀ ಡಬ್ಬಿಗೆ ಸಿಗುವ ಜಾಗ ಒಂದೋ ಎರಡೋ ಸಾಲು. ಅವುಗಳ ದಾರಿ ಬೇರೆ. 1839ರಲ್ಲಿ ಪ್ಯಾರಿಸ್‌ನಲ್ಲಿ ಫೋಟೋಗ್ರಫಿಯ ಘೋಷಣೆ, 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ತಂದ ರೋಲ್ ಫಿಲ್ಮಿನ ಕೊಡಾಕ್, 1900ರಲ್ಲಿ ಒಂದೇ ಡಾಲರಿನ ಬ್ರೌನಿ, 1925ರಲ್ಲಿ ಸಿನಿಮಾ ಫಿಲ್ಮನ್ನು ಅಂಗೈಗೆ ಇಳಿಸಿದ ಲೈಕಾ, 1929ರಲ್ಲಿ ರೋಲಿಫ್ಲೆಕ್ಸ್. ಓದಲು ಚೆಂದ. ಈ ದಾರಿಯ ಪಕ್ಕ ನಮ್ಮೂರನ್ನು ಇಟ್ಟು ನೋಡಿ. ಸಿರಸಂಗಿಯ ದೇಸಾಯಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟು ತೀರಿಕೊಂಡದ್ದು 1906ರಲ್ಲಿ. ಅಮೆರಿಕದ ಹುಡುಗರ ಕೈಯಲ್ಲಿ ಬ್ರೌನಿ ಬಂದು ಆಗಲೇ ಆರು ವರ್ಷ. ಬೆಳಗಾವಿಯಲ್ಲಿ ಅವರ ಹೆಸರಿನ ಲಿಂಗರಾಜ ಕಾಲೇಜು ಶುರುವಾದದ್ದು 1933ರಲ್ಲಿ. ಲೈಕಾಕ್ಕೆ ಆಗ ಎಂಟು ವರ್ಷ. ಅಪ್ಪನ ಕೇರಿಯ ಜನ ಕ್ಯಾಮೆರಾದ ಮುಂದೆ ನಿಂತದ್ದು ಮಾತ್ರ 1974ರಲ್ಲಿ, ಅದೂ ಮಾಸ್ತರರ ಕೃಪೆಯಿಂದ.

ಹಾಗಂತ ಕ್ಯಾಮೆರಾ ನಮ್ಮ ಸೀಮೆಗೆ ತಡವಾಗಿ ಬಂತು ಅಂದುಕೊಳ್ಳಬೇಡಿ. ಬಲು ಬೇಗ ಬಂದಿತ್ತು. 1855ರಲ್ಲೇ ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಎಂಬ ತೋಪಖಾನೆ ಅಧಿಕಾರಿಯನ್ನು ಫೋಟೋಗ್ರಾಫರ್ ಅಂತ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆ ಕಳಿಸಿತ್ತು. ಅವನ ನಂತರ ಡಾಕ್ಟರ್ ಪಿಗೌ ಆ ಕೆಲಸ ಮುಂದುವರಿಸಿದ. ಅವರ ಚಿತ್ರಗಳಿದ್ದ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕ್ಯಾಮೆರಾ ಬಂದದ್ದು ಗುಡಿಗಳನ್ನು ನೋಡೋಕೆ. ಆ ಕಾಲದ ಸರ್ಕಾರಿ ಫೋಟೋಗಳಲ್ಲಿ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿದ್ದರೆ, ಅವನಿರೋದು ಹೆಚ್ಚಾಗಿ ಕಂಬದ ಎತ್ತರ ತಿಳಿಯಲಿ ಅಂತ. ಅಳತೆಗೋಲಿಗೆ ಯಾರು ಹೆಸರಿಡುತ್ತಾರೆ?

ಅದೇ ಹೊತ್ತಿನಲ್ಲಿ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪಿಯಲ್ಲಿ ಫೋಟೋ ತೆಗೆದ. ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳು, ಒಂದೊಂದೂ ಒಂದೂವರೆ ಅಡಿಯಷ್ಟು ದೊಡ್ಡವು. ಆ ನೆಗೆಟಿವ್‌ಗಳು ಉಳಿದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷದಲ್ಲಿ ಹಂಪಿಯಲ್ಲಿ ಏನು ಬಿತ್ತು, ಏನು ನಿಂತಿತು, ಎಲ್ಲ ಕಾಣುತ್ತದೆ. ಕ್ಯಾಮೆರಾ ಕೂಡಿಹಾಕುವ ನನ್ನಂಥವರು ಈ ಕಥೆಯನ್ನು ಎರಡು ಸಲ ಓದಬೇಕು. ಇದು ಸಾಧ್ಯವಾದದ್ದು ನೆಗೆಟಿವ್ ಉಳಿದದ್ದರಿಂದ. ಗ್ರೀನ್‌ಲಾನ ಕ್ಯಾಮೆರಾ ಯಾರದಾದರೂ ಗಾಜಿನ ಶೋಕೇಸಿನಲ್ಲಿ ಇದ್ದಿದ್ದರೆ ಹಂಪಿಯ ಬಗ್ಗೆ ಒಂದಕ್ಷರವನ್ನೂ ಹೇಳುತ್ತಿರಲಿಲ್ಲ.

ಮತ್ತೆ ಕರೀ ಡಬ್ಬಿಗೆ ಬರುತ್ತೇನೆ. ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯ ಉಳಿಸಬೇಕು ಅಂತ ಆಮದಿನ ಮೇಲೆ ಬಿಗಿ ಹಿಡಿತ ಬಂತು. ಕ್ಯಾಮೆರಾ ಐಷಾರಾಮದ ವಸ್ತು. ಲೈಸೆನ್ಸು, ಸುಂಕ ಎಲ್ಲ ಕೊಟ್ಟು ತರಿಸುವವರು ಎಷ್ಟು ಜನ? 'ಫಾರಿನ್ ಕ್ಯಾಮೆರಾ' ಅಂದರೆ ಯಾರದೋ ಭಾವ ದುಬೈಯಿಂದ ತಂದದ್ದು, ಇಲ್ಲವೆ ಮುಂಬೈಯಲ್ಲಿ ಕಣ್ಣು ಮಿಟುಕಿಸಿ ಮಾರಿದ್ದು. ಈ ಬರದಲ್ಲಿ ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಆಗ್ಫಾದ ಕ್ಲಿಕ್-3 ಮತ್ತು ಐಸೋಲಿ ಕ್ಯಾಮೆರಾಗಳನ್ನು ಇಲ್ಲೇ ತಯಾರಿಸಿತು. ಕ್ಲಿಕ್-3ರಲ್ಲಿ ಮಾಡಬೇಕಾದ ತೀರ್ಮಾನ ಒಂದೇ: ಬಿಸಿಲೋ, ಮೋಡವೋ? ಸನ್ನೆಯನ್ನು ಆ ಕಡೆಗೆ ತಿರುಗಿಸಿ ಒತ್ತಿದರೆ ಮುಗೀತು. ಹಿಂದೆ ಒಂದು ಕೆಂಪು ಕಿಟಕಿ. ಫಿಲ್ಮ್ ಸುತ್ತುತ್ತಾ ಹೋದರೆ ಅದರಲ್ಲಿ 1, 2, 3 ಅಂತ ಅಂಕಿ ಬರುತ್ತವೆ. ಸುತ್ತೋದು ಮರೆತರೆ ಒಂದರ ಮೇಲೊಂದು ಚಿತ್ರ. ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಅತ್ತೆಯ ಹಣೆಯೊಳಗಿಂದ ಎಮ್ಮೆ ಇಣುಕುವುದು ಇದೇ ಕಾರಣಕ್ಕೆ. ಶಟರ್ ವೇಗ ಒಂದೇ, ಅದೂ ನಿಧಾನದ್ದು. ಅದಕ್ಕೇ 'ಅಲುಗಾಡಬ್ಯಾಡ್ರಿ' ಅನ್ನೋ ಮಾತು. ಹಳೇ ಫೋಟೋಗಳಲ್ಲಿ ನಮ್ಮ ಹಿರಿಯರು ನಗದೆ ಕಂಬದಂತೆ ನಿಂತಿರೋದಕ್ಕೆ ನಾವು ಅವರ ಗಾಂಭೀರ್ಯ, ಸಂಕೋಚ ಅಂತೆಲ್ಲ ಕಾರಣ ಕೊಡುತ್ತೇವೆ. ಅರ್ಧ ಕಾರಣ ಒಂದು ಸ್ಪ್ರಿಂಗು.

ಡಬ್ಬಿ ಮಾಡೋದು ಸುಲಭ, ಕಷ್ಟವಿರೋದು ಫಿಲ್ಮಿನಲ್ಲಿ. ಬೆಳ್ಳಿಯ ಲವಣ, ಜೆಲಾಟಿನ್, ಪೂರ್ತಿ ಕತ್ತಲು, ಧೂಳಿಲ್ಲದ ತಂಪು ಗಾಳಿ, ಶುದ್ಧ ನೀರು ಎಲ್ಲ ಒಟ್ಟಿಗೆ ಬೇಕು. ಅದಕ್ಕೇ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿ ಕಟ್ಟಿದಾಗ ಊಟಿಯನ್ನು ಆರಿಸಿತು. ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ನೆರವು. 1967ರಲ್ಲಿ ಉತ್ಪಾದನೆ ಶುರು. ಫಿಲ್ಮಿನ ಹೆಸರು 'ಇಂದು'. ಬೆಳ್ಳಿ ಬಣ್ಣದ ಚಂದ್ರನ ಹೆಸರು, ಯಾರೋ ರಸಿಕರೇ ಇಟ್ಟಿರಬೇಕು. ಸ್ಟುಡಿಯೋಗಳ ಕಪ್ಪು-ಬಿಳುಪು ರೋಲು, ಪ್ರಿಂಟಿನ ಕಾಗದ, ಆಸ್ಪತ್ರೆಯ ಎಕ್ಸ್‌ರೇ ಫಿಲ್ಮ್ ಎಲ್ಲ ಅಲ್ಲಿಂದ. ಬಣ್ಣದ ಫಿಲ್ಮ್ ಬಂತು, ಆಮದು ಸಡಿಲವಾಯಿತು, ಡಿಜಿಟಲ್ ಬಂತು. ಕಂಪನಿ ರೋಗಗ್ರಸ್ತ ಅನಿಸಿಕೊಂಡು ಕೊನೆಗೆ ಮುಚ್ಚಿತು. ನಾನು ಊಟಿಗೆ ಹೋದಾಗ ಎಲ್ಲರೂ ಬೊಟಾನಿಕಲ್ ಗಾರ್ಡನ್ನಿಗೆ ಹೋದರು, ನಾನು ಇಂದುನಗರಕ್ಕೆ ಹೋಗಿ ಗೇಟಿನ ಹೊರಗೆ ನಿಂತು ಬಂದೆ. ಹೆಂಡತಿ ಇವತ್ತಿಗೂ ಅದನ್ನು ನೆಂಟರೆದುರು ಹೇಳುತ್ತಾಳೆ.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಕ್ಯಾಮೆರಾ ಬೇರೊಂದಿದೆ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಹುಟ್ಟಿದ್ದು. ಅಲ್ಲೊಬ್ಬ ಸ್ಟುಡಿಯೋದವರು ತಮ್ಮ ಕ್ಯಾಮೆರಾದ ಹರಿದ ತಿದಿಯನ್ನು ಸರಿಪಡಿಸೋಕೆ ತಂದುಕೊಟ್ಟದ್ದು ವಾದ್ಯ ರಿಪೇರಿ ಮಾಡುವ ಅಂಗಡಿಗೆ. ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ಕ್ಯಾಮೆರಾದ ತಿದಿಗೂ ಹಾರ್ಮೋನಿಯಂ ತಿದಿಗೂ ಏನು ದೊಡ್ಡ ವ್ಯತ್ಯಾಸ? ಅಂಗಡಿಯವರ ಮಗ ಕರುಣಾಕರನ್ ಅದನ್ನು ಸರಿಮಾಡಿದ್ದಷ್ಟೇ ಅಲ್ಲ, ಆಮೇಲೆ ತೇಗದ ಮರ, ಹಿತ್ತಾಳೆಯಲ್ಲಿ ಇಡೀ ಕ್ಯಾಮೆರಾವನ್ನೇ ಮಾಡಿದರು. ಹೆಸರು 'ವಾಗೀಶ್ವರಿ', ಸರಸ್ವತಿಯದು. ಭಾರತದ ಎಷ್ಟೋ ಸ್ಟುಡಿಯೋಗಳಲ್ಲಿ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆದದ್ದು ಇದೇ ಕ್ಯಾಮೆರಾದಲ್ಲಿ.

ಸಿರಸಂಗಿಯವನಿಗೆ ಈ ಕಥೆ ಹಿಡಿಸೋದು ಸಹಜ. ನಮ್ಮೂರ ಕಾಳಿಕಾದೇವಿ ವಿಶ್ವಕರ್ಮರ ಕುಲದೇವತೆ. ಯುಗಾದಿ ಹೊತ್ತಿನ ಜಾತ್ರೆಗೆ ಕಮ್ಮಾರರು, ಬಡಿಗೇರರು, ಕಂಚುಗಾರರು, ಶಿಲ್ಪಿಗಳು, ಅಕ್ಕಸಾಲಿಗರು ದೂರದೂರದಿಂದ ಬರುತ್ತಾರೆ. ತಿದಿ ಅಂದರೇನು ಅಂತ ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮರದ ಕ್ಯಾಮೆರಾ ಬಿಚ್ಚಿ ನೋಡಿದರೆ ಅದರಲ್ಲಿ ಬಡಿಗತನ ಇದೆ, ಹಿತ್ತಾಳೆ ಕೆಲಸ ಇದೆ, ಕೂದಲೆಳೆಯಷ್ಟು ಸಣ್ಣ ತಿರುಪುಗಳಿವೆ. ನನ್ನ ಒಂದು ಮಡಚುವ ಕ್ಯಾಮೆರಾದ ಶಟರ್ ಸಿಕ್ಕಿಹಾಕಿಕೊಂಡಾಗ ಬೆಂಗಳೂರಿನಲ್ಲಿ ರಿಪೇರಿಯವರು ಕೈ ಎತ್ತಿದ್ದರು. ಅದನ್ನು ಬಿಡಿಸಿದ್ದು ನಮ್ಮ ಕಡೆಯ ಒಬ್ಬ ಅಕ್ಕಸಾಲಿಗರು, ಮೂಗುತಿಗೆ ಹರಳು ಕೂಡಿಸುವ ಅದೇ ಚಿಮುಟದಿಂದ. "ಇದು ಗಡಿಯಾರನ ಐತ್ರಿ, ಮುಳ್ಳ ಇಲ್ಲ ಅಷ್ಟ" ಅಂದರು. ಎಷ್ಟು ನಿಜ ನೋಡಿ! ಹಳೆಯ ಲೀಫ್ ಶಟರಿನೊಳಗೆ ಇರೋದು ಗಡಿಯಾರದ್ದೇ ಹಲ್ಲುಚಕ್ರ.

ಈಗ ಆ ಮರದ ಕ್ಯಾಮೆರಾಗಳು ಎಲ್ಲಿವೆ? ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲಿ, ಹಳೇ ಟೈಪ್‌ರೈಟರಿನ ಪಕ್ಕ. ಲೆನ್ಸ್ ಬಿಚ್ಚಿ ಬೇರೆ ಮಾರಿ, ಒಳಗೆ ಬಲ್ಬು ಕೂರಿಸಿ ದೀಪ ಮಾಡಿದ್ದನ್ನೂ ನೋಡಿದ್ದೇನೆ. ಅದರ ಕೆಳಗೆ ಕೂತು ಕಾಫಿ ಕುಡಿದೂ ಇದ್ದೇನೆ. ಕ್ಯಾಮೆರಾಗೆ ಬೆಲೆ ಬಂದ ಮೇಲೆ ಹಳ್ಳಿ-ಪೇಟೆಗಳ ಸ್ಟುಡಿಯೋಗಳನ್ನು ಹುಡುಕಿಕೊಂಡು ವ್ಯಾಪಾರಿಗಳು ಹೋದರು, ನಾನೂ ಹೋದೆ.

ನಮ್ಮ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ಐವತ್ತು ವರ್ಷ ನಡೆದ ಸ್ಟುಡಿಯೋ ಅದು. ಮಾಲಕರಿಗೆ ಎಂಬತ್ತು ದಾಟಿದೆ. ಮರದ ಕ್ಯಾಮೆರಾ ಆಗಲೇ ಹೋಗಿತ್ತು. ಉಳಿದಿದ್ದು ಒಂದು ಯಾಶಿಕಾ 635. ಎರಡು ಕಣ್ಣಿನ ಕ್ಯಾಮೆರಾ, ಮೇಲಿನ ಕಣ್ಣು ನೋಡೋಕೆ, ಕೆಳಗಿನದು ಚಿತ್ರಕ್ಕೆ. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಮದುವೆ ಮನೆಯಲ್ಲಿ ಗುಂಪಿನ ಮುಂದೆ ತಲೆ ಬಾಗಿಸಿ ನಿಂತ ಫೋಟೋಗ್ರಾಫರ್ ಚಿತ್ರ ನಿಮ್ಮ ಅಪ್ಪ-ಅವ್ವಂದಿರಿಗೆ ನೆನಪಿರುತ್ತೆ. ಬೆಲೆ ಕೇಳಿದೆ, ಕೊಟ್ಟೆ. ಆಮೇಲೆ ನೆಗೆಟಿವ್ ಇದಾವೇನ್ರಿ ಅಂತ ಕೇಳಿದೆ.

"ಅವನ್ನೆಲ್ಲಾ ಬೆಳ್ಳಿಯವ ಒಯ್ದ್ನಲ್ಲೋ ತಮ್ಮಾ."

ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಕಪ್ಪಗೆ ಕಾಣೋದೇ ಬೆಳ್ಳಿ. ಕಿಲೋ ಲೆಕ್ಕದಲ್ಲಿ ಕೊಂಡು, ರಾಸಾಯನಿಕದಲ್ಲಿ ತೊಳೆದು ಬೆಳ್ಳಿ ತೆಗೆಯುವ ವ್ಯಾಪಾರ ಇವತ್ತಿಗೂ ಇದೆ, ಎಕ್ಸ್‌ರೇ ಫಿಲ್ಮಿಗಂತೂ ಖಾಯಂ ಗಿರಾಕಿಗಳಿದ್ದಾರೆ. ಮಾಲಕರನ್ನು ನಾನು ದೂರುವುದಿಲ್ಲ. ಅವರ ಅಂಗಡಿಗೆ ಬಾಡಿಗೆ ಇತ್ತು, ಮೊಬೈಲ್ ಬಂದ ಮೇಲೆ ಗಿರಾಕಿ ಇರಲಿಲ್ಲ, ಆ ಡಬ್ಬಿಗಳನ್ನು ಕೇಳಿಕೊಂಡು ಬಂದವನು ಬೆಳ್ಳಿಯವ ಒಬ್ಬನೇ. ಕ್ಯಾಮೆರಾ ಕೇಳಿ ಬಂದವರಿಗೆ ಲೆಕ್ಕವಿಲ್ಲ. ಐವತ್ತು ವರ್ಷದ ಮದುವೆ, ಸೀಮಂತ, ಶಾಲೆ ಗುಂಪು, ಗಡಿನಾಡಿಗೆ ಹೊರಟ ಸಿಪಾಯಿ, ಕನ್ಯಾ ನೋಡಲು ಕಳಿಸಿದ ಹುಡುಗಿಯರ ಫೋಟೋ, ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ ತೆಗೆದ ಕೊನೆಯ ಫೋಟೋ. ಒಂದು ತಾಲ್ಲೂಕಿನ ಮುಖಗಳು ಕರಗಿ ಯಾರದೋ ಕಾಲುಂಗುರ ಆದವು. ಅದನ್ನು ನೋಡಿದ ಕ್ಯಾಮೆರಾ ನನ್ನ ಕಪಾಟಿನಲ್ಲಿ ಚೆನ್ನಾಗಿ ಹೊಳೆಯುತ್ತಾ ಕೂತಿದೆ.

ನನ್ನ ವಯಸ್ಸಿನವರ ಬಾಲ್ಯ ಇನ್ನೂ ಕಡಿಮೆ ಬೆಲೆಯ ಕ್ಯಾಮೆರಾಗಳದ್ದು. 80ರ ದಶಕದ ಹಾಟ್ ಶಾಟ್, 90ರ ದಶಕದ ಕೊಡಾಕ್ ಕೆಬಿ-10. ಸಂಗ್ರಾಹಕರ ಗುಂಪಿನಲ್ಲಿ ಇವುಗಳ ಹೆಸರೆತ್ತಿದರೆ ನಗು. ನನ್ನ ಹತ್ತಿರ ಎರಡೂ ಇವೆ. ಇನ್ನೊಂದು ಕ್ಯಾಮೆರಾ ನನಗೆ ಬೇಕಾಗಿದೆ, ಅದು ಸಿಗುವುದಿಲ್ಲ. 1993ರಲ್ಲಿ ಟಿ.ಎನ್. ಶೇಷನ್ ಕಾಲದ ಚುನಾವಣಾ ಆಯೋಗ ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡಬೇಕು ಅಂತ ಹೊರಡಿಸಿತಲ್ಲ, ಆಗ ಊರೂರಿಗೆ ಕ್ಯಾಮೆರಾ ಬಂತು. ನಮ್ಮ ಆಯಿ ಅದರ ಮುಂದೆ ಕೂತಳು. ಆಕೆಯ ಜೀವಮಾನದ ಒಂದೇ ಫೋಟೋ ಅದು, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ಆಕೆ ತೀರಿಕೊಂಡ ಮೇಲೆ ಅದನ್ನೇ ಹಿಗ್ಗಿಸಿ, ಮಸುಕಾದ ಕಡೆ ಬಣ್ಣ ತುಂಬಿಸಿ, ಚೌಕಟ್ಟು ಹಾಕಿಸಿದೆವು. ಪಡಸಾಲೆಯಲ್ಲಿ ತೂಗುಹಾಕಿದ ಆ ಪಟದಲ್ಲಿ ಆಯಿಯ ಸೆರಗು ಚಿತ್ರಕಾರನದು, ಕಣ್ಣು ಮಾತ್ರ ಆಕೆಯದು. ಬಿಗ್ಸ್ ನಮ್ಮ ಸೀಮೆಗೆ ಬಂದು 138 ವರ್ಷವಾದ ಮೇಲೆ ಸರ್ಕಾರದ ಕ್ಯಾಮೆರಾ ಗುಡಿ ಬಿಟ್ಟು ಜನರ ಕಡೆ ತಿರುಗಿತು, ಅದೂ ಓಟಿನ ಸಲುವಾಗಿ. ಆಯಿಗೆ ಅದೇ ಸಾಕಾಯಿತು.

ಯಾಶಿಕಾ ತೆಗೆದುಕೊಂಡು ಹೊರಡುವಾಗ ಆ ಮಾಲಕರು ಅಟ್ಟದಿಂದ ಒಂದು ಬಿಸ್ಕೀಟಿನ ತಗಡಿನ ಡಬ್ಬಿ ಇಳಿಸಿ ಕೊಟ್ಟರು. "ಬೆಳ್ಳಿಯವ ಬಂದಾಗ ಕೈಗೆ ಸಿಕ್ಕಿರಲಿಲ್ಲ. ನಿನಗ ಬೇಕಂದ್ರ ಒಯ್ಯಿ, ಇದಕ್ಕೇನ ರೊಕ್ಕ ಬ್ಯಾಡ." ಒಳಗೆ 143 ನೆಗೆಟಿವ್‌ಗಳು, ಎಲ್ಲ 120 ಅಳತೆಯವು, ಕೆಲವದರ ಕಾಗದದ ಚೀಲದ ಮೇಲೆ ಪೆನ್ಸಿಲಿನಲ್ಲಿ ಇಸವಿ. ಅದಾದ ಮೇಲೆ ಆರು ತಿಂಗಳು ನಾನು ಹೊಸ ಕ್ಯಾಮೆರಾ ಒಂದನ್ನೂ ಕೊಂಡಿಲ್ಲ. ಹಿಂದಿನಿಂದ ಬೆಳಕು ಬಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ಒಂದೊಂದನ್ನೇ ತೆಗೆದು, ಲ್ಯಾಪ್‌ಟಾಪಿನಲ್ಲಿ ತಿರುವಿ ಪಾಸಿಟಿವ್ ಮಾಡುವುದು. ಇಎಂಐ ಮುಗಿದ ಆ ಡಿಎಸ್‌ಎಲ್‌ಆರ್ ಈಗ ನಿಜವಾಗಿ ದುಡಿಯುತ್ತಿದೆ.

ಈ ಯುಗಾದಿಗೆ ಊರಿಗೆ ಹೋದಾಗ ಗುಡಿಯ ಹತ್ತಿರದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಮೊದಲು ಹುಡುಗರು ಬಂದರು, ಕ್ರಿಕೆಟ್ ಅಂದುಕೊಂಡು. ಆಮೇಲೆ ಹಿರಿಯರು. ಎತ್ತು ಹಿಡಿದು ನಿಂತವನು ಯಾರು ಅಂತ ಇಬ್ಬರು ಅಜ್ಜಂದಿರಿಗೆ ಜಗಳ ಹತ್ತಿತು. ಕೊನೆಗೆ ಎತ್ತಿನ ಗುರುತು ಹಿಡಿದು ಯಜಮಾನನನ್ನು ಪತ್ತೆ ಮಾಡಿದರು. ಎರಡು ದಿನದಲ್ಲಿ 55 ಚಿತ್ರಗಳಿಗೆ ಹೆಸರು ಸಿಕ್ಕಿತು. ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೇನೆ: ನಂಬರು, ಹೆಸರು, ಮನೆತನ, ಹೇಳಿದವರು ಯಾರು. 88 ಉಳಿದಿವೆ. ಗಂಡಸರನ್ನು ಕೇಳಿದ್ದು ಸಾಕು, ಮುಂದಿನ ಸಲ ರಾಮದುರ್ಗ, ಬೈಲಹೊಂಗಲದ ಕಡೆ ಮದುವಿ ಮಾಡಿಕೊಟ್ಟ ನಮ್ಮೂರ ಹೆಣ್ಣುಮಕ್ಕಳ ಹತ್ತಿರ ಒಯ್ಯಿ ಅಂತ ಅಪ್ಪ ಹೇಳಿದ್ದಾನೆ. ಊರು ಬಿಟ್ಟು ಹೋದವರು ಊರಿನ ಮುಖ ಮರೆಯೂದಿಲ್ಲಂತ.